ಅಲಾರಂ ಸದ್ದಿನ ಮಧ್ಯೆ ಮಾತು ಕೇಳಿಸಬೇಕಾದರೆ

ಅಲಾರಂ ಹೊಡೆಯುವಾಗ ‘ನಿಲ್ಲಿಸು’ ಅಂದರೆ ನೀವು ಮಾಡುತ್ತಿರುವ, ಮಾತಿನಿಂದ ನಡೆಯುವ ಅಲಾರಂ ಆ್ಯಪ್‌ಗೆ ಕೇಳಿಸುತ್ತಿಲ್ಲ ಅಂದಿರಲ್ಲ, ತಪ್ಪು ನಿಮ್ಮ ಕೋಡ್‌ನದ್ದು ಇರಲಿಕ್ಕಿಲ್ಲ. ಸ್ಪೀಕರ್‌ನ ಸದ್ದೇ ಮೈಕ್‌ಗೆ ಹೋಗಿ ನಿಮ್ಮ ದನಿಯನ್ನು ಮುಚ್ಚಿಬಿಡುತ್ತದೆ. ಹತ್ತು ಸೆಕೆಂಡು ಹೊಡೆದು, ನಾಲ್ಕು ಸೆಕೆಂಡು ಸುಮ್ನಿದ್ದು ಕೇಳಿಸಿಕೊಳ್ಳುವ ಹಾಗೆ ಮಾಡಿ ನೋಡಿ. ನಿದ್ದೆಗಣ್ಣಲ್ಲಿ ಮಾತು ತೊದಲುತ್ತದೆ, ಅದಕ್ಕೇ ‘ಸಾಕು’, ‘ಆಫ್’, ‘ಎದ್ದೆ’ ಅಂದರೂ ನಿಲ್ಲಲಿ.

ಅಲಾರಂ ಇಟ್ಟಾಗ ‘ನಾಳೆ ಬೆಳಿಗ್ಗೆ 6ಕ್ಕೆ ಇಟ್ಟಿದ್ದೇನೆ’ ಅಂತ ಆ್ಯಪ್ ತಿರುಗಿ ಹೇಳಲೇಬೇಕು. ಪರದೆ ಕಾಣದವರು ಬೇರೆ ಹೇಗೆ ಖಚಿತ ಮಾಡಿಕೊಳ್ಳುತ್ತಾರೆ?

ಅಲಾರಂ ನಿಲ್ಲಿಸುವ ಬಟನ್ ಮಾತ್ರ ದಯವಿಟ್ಟು ತೆಗೆಯಬೇಡಿ. ಮಾತಾಡಲು ಕಷ್ಟ ಇರುವವರೂ ಇದ್ದಾರೆ ಅಲ್ವಾ? ಆಂಡ್ರಾಯ್ಡ್‌ನಲ್ಲಿ ಬಟನ್ ಉದ್ದ, ಅಗಲ ಎರಡೂ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಘಟಕ) ಇರಬೇಕು ಅನ್ನುತ್ತಾರೆ. ಅಲಾರಂಗೆ ಇನ್ನೂ ಜಾಸ್ತಿ ದೊಡ್ಡದು ಮಾಡಿ, ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಓದುವಂತೆ ಅದಕ್ಕೊಂದು ಹೆಸರು ಕೊಡಿ.