ಮನೋವೈದ್ಯರಿಗೆ ಪತ್ರ: ಗುಳಿಗೆ ತರಲು ಎಷ್ಟು ಬಸ್ ಹತ್ತಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಯಿಲೆಯ ಬಗ್ಗೆ ಇರಲಿಲ್ಲ, ಚಿಕಿತ್ಸೆ ಎಷ್ಟು ದೂರವಿದೆ ಎಂಬುದರ ಬಗ್ಗೆ ಇದ್ದವು. ಹೆಸರು ಅಚ್ಚಾಗಬಾರದೆಂದು ಬರೆದವರೆಲ್ಲರೂ ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ನಾಲ್ಕು ವರ್ಷದ ಹಿಂದೆ ಒಬ್ಬನೇ ಮಾತಾಡುವುದು, ರಾತ್ರಿಯಿಡೀ ಅಂಗಳದಲ್ಲಿ ತಿರುಗುವುದು, ಊಟದಲ್ಲಿ ವಿಷ ಬೆರೆಸಿದ್ದಾರೆಂದು ತಾಟು ದೂಡುವುದು ಶುರುವಾಯಿತು. ಧಾರವಾಡದಲ್ಲಿ ತೋರಿಸಿದಾಗ ಸ್ಕಿಜೋಫ್ರೇನಿಯಾ ಎಂದರು. ಗುಳಿಗೆ ನುಂಗುವಾಗ ಚೆನ್ನಾಗಿಯೇ ಇದ್ದ. ಆದರೆ ತಿಂಗಳಿಗೊಮ್ಮೆ ಹೋಗಿ ಬರಲು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಸುಗ್ಗಿಯ ಹೊತ್ತಿನಲ್ಲಿ ಎರಡು ತಿಂಗಳು ತಪ್ಪಿತು. ಈಗ ಮತ್ತೆ ಮೊದಲಿನ ಹಾಗೆಯೇ ಆಗಿದ್ದಾನೆ. ತಪ್ಪು ನಮ್ಮದೇ ಎಂದು ಎಲ್ಲರೂ ಬೈಯುತ್ತಾರೆ. (ಸವಣೂರು ತಾಲ್ಲೂಕು)

ಉತ್ತರ: ತಪ್ಪು ನಿಮ್ಮದಲ್ಲ. ಮಧುಮೇಹದ ಗುಳಿಗೆಗೆ ಯಾರೂ ಎರಡು ಬಸ್ ಹತ್ತುವುದಿಲ್ಲ, ಅದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗುತ್ತದೆ. ಮನಸ್ಸಿನ ಕಾಯಿಲೆಯ ಗುಳಿಗೆಯೂ ಹಾಗೆಯೇ ಸಿಗಬೇಕೆಂಬ ವಿಚಾರ ಹೊಸದೇನಲ್ಲ. 1975ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಸಕಲವಾರದಲ್ಲಿಯೂ, ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ ರಾಣಿಯಲ್ಲಿಯೂ ಹಳ್ಳಿಯೊಳಗೇ ಚಿಕಿತ್ಸೆ ಕೊಟ್ಟು ನೋಡಿದ್ದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ, ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ನಮ್ಮದೇ ಬಳ್ಳಾರಿ ಜಿಲ್ಲೆಯನ್ನು. ಮನೋವೈದ್ಯರಲ್ಲದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಕೆಲವು ಔಷಧಿಗಳನ್ನು ಕೇಂದ್ರಗಳಲ್ಲಿ ಇಟ್ಟರೆ ಹೆಚ್ಚಿನ ರೋಗಿಗಳನ್ನು ಅಲ್ಲಿಯೇ ನೋಡಿಕೊಳ್ಳಬಹುದೆಂದು ಅಲ್ಲಿ ಗೊತ್ತಾಯಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ನಿಮ್ಮಂಥವರು ಇಂದಿಗೂ ಬಸ್ ಬದಲಿಸುತ್ತಿರುವುದು ನನ್ನ ವೃತ್ತಿಯವರೆಲ್ಲ ತಲೆ ತಗ್ಗಿಸಬೇಕಾದ ವಿಷಯ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಎರಡು ತಿಂಗಳು ಬಿಟ್ಟ ಗುಳಿಗೆಯನ್ನು ನೀವಾಗಿಯೇ ಹಳೆಯ ಪ್ರಮಾಣದಲ್ಲಿ ಕೊಡಲು ಹೋಗಬೇಡಿ. ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಆದರೆ ಅದಕ್ಕೆ ಧಾರವಾಡಕ್ಕೇ ಹೋಗಬೇಕೆಂದಿಲ್ಲ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಂಡು ಹೋಗಿ. ಹೋಗುವಾಗ ಧಾರವಾಡದ ಚೀಟಿಯನ್ನು ಮರೆಯದೆ ಒಯ್ಯಿರಿ. ಮಂಗಳವಾರದ ಸಾಲಿನಲ್ಲಿ ಎಷ್ಟೋ ಅವ್ವಂದಿರು ಸೆರಗಿನ ಗಂಟು ಬಿಚ್ಚಿ, ಖಾಲಿಯಾದ ಗುಳಿಗೆಯ ಹಾಳೆಯ ಅರ್ಧ ತುಂಡನ್ನು ನನ್ನ ಮೇಜಿನ ಮೇಲೆ ಇಡುತ್ತಾರೆ. ಹೆಸರಿದ್ದ ಭಾಗ ಹರಿದುಹೋಗಿರುತ್ತದೆ, ಉಳಿದದ್ದು ಬಣ್ಣದ ನೆನಪು ಮಾತ್ರ: “ಕೆಂಪು ಗುಳಿಗಿ ಇತ್ತರೀ, ಈ ಸಲ ಬಿಳೇದು ಕೊಟ್ರು, ಬ್ಯಾರೆ ಅದ ಅಂತ ಬಿಟ್ಟಿವ್ರಿ.” ತಯಾರಿಸಿದ ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ, ಒಳಗಿನ ಮದ್ದು ಅದೇ ಇರುತ್ತದೆ. ಇಷ್ಟು ಸಣ್ಣ ಮಾತನ್ನು ಯಾರೂ ಬಿಡಿಸಿ ಹೇಳದ ಕಾರಣಕ್ಕೆ ಕಾಯಿಲೆ ಮರುಕಳಿಸಿದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ತಮ್ಮನಿಗೆ ದಿನವೂ ಗುಳಿಗೆ ನುಂಗುವ ಬೇಸರವಿದ್ದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿಮದ್ದಿನ ಬಗ್ಗೆಯೂ ಕೇಳಿರಿ. ಮುಂದೆ ಸುಗ್ಗಿ ಬರುವ ಮೊದಲೇ, ಕೆಲಸದ ದಿನಗಳು ಇವು ಎಂದು ವೈದ್ಯರಿಗೆ ಹೇಳಿ ಹೆಚ್ಚು ದಿನದ ಗುಳಿಗೆ ಬರೆಸಿಕೊಳ್ಳಿರಿ. ಹೇಳಿದರೆ ಬರೆದುಕೊಡುತ್ತೇವೆ, ನಾವಾಗಿಯೇ ಕೇಳುವುದು ಕಡಿಮೆ.

ಪ್ರಶ್ನೆ: ಇಟಲಿ ದೇಶದಲ್ಲಿ ಮಾನಸಿಕ ಆಸ್ಪತ್ರೆಗಳನ್ನೆಲ್ಲ ಕಾನೂನು ಮಾಡಿಯೇ ಮುಚ್ಚಿಬಿಟ್ಟರೆಂದು ಓದಿದೆ. ಹಾಗಾದರೆ ಒಳಗಿದ್ದ ರೋಗಿಗಳೆಲ್ಲ ಎಲ್ಲಿಗೆ ಹೋದರು? ನಮ್ಮ ಧಾರವಾಡದ ಆಸ್ಪತ್ರೆಯನ್ನೂ ಮುಚ್ಚುವ ಕಾಲ ಬಂದೀತೇ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಗುರುಗಳೇ, ನೀವು ಓದಿದ್ದು ನಿಜ. ಫ್ರಾಂಕೊ ಬಸಾಲಿಯಾ ಎಂಬ ಮನೋವೈದ್ಯರು 1971ರಲ್ಲಿ ಟ್ರಿಯೆಸ್ಟೆ ನಗರದ ಆಸ್ಪತ್ರೆಯ ಮುಖ್ಯಸ್ಥರಾಗಿ ಬಂದಾಗ ಅಲ್ಲಿ ಸುಮಾರು 1,200 ಮಂದಿ ಇದ್ದರು. ಅನೇಕರು ಒಳಗೆ ಬಂದು ದಶಕಗಳೇ ಕಳೆದಿದ್ದವು. ಅವರು ಬೀಗಗಳನ್ನು ತೆಗೆಸಿದರು, ಒಳಗೆ ದುಡಿಯುತ್ತಿದ್ದ ರೋಗಿಗಳಿಗೆ ಸಹಕಾರಿ ಸಂಘ ಕಟ್ಟಿಸಿ ಸಂಬಳ ಕೊಡಿಸಿದರು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ಮರ ಮತ್ತು ಕಾಗದದ ದೊಡ್ಡದೊಂದು ನೀಲಿ ಕುದುರೆಯನ್ನು ಕಟ್ಟಿ ಊರೊಳಗೆ ಮೆರವಣಿಗೆ ಹೊರಟಾಗ, ಅದು ಬಾಗಿಲಲ್ಲಿ ಹಿಡಿಸದೆ ಬಾಗಿಲನ್ನೇ ಒಡೆಯಬೇಕಾಯಿತು. 1978ರ ಮೇ ತಿಂಗಳಲ್ಲಿ ಬಂದ 180ನೇ ಸಂಖ್ಯೆಯ ಕಾನೂನು ಇಡೀ ದೇಶದಲ್ಲಿ ಅಂಥ ಆಸ್ಪತ್ರೆಗಳಿಗೆ ಹೊಸದಾಗಿ ಯಾರನ್ನೂ ಸೇರಿಸಬಾರದೆಂದು ವಿಧಿಸಿತು.

ರೋಗಿಗಳು ಎಲ್ಲಿಗೆ ಹೋದರೆಂದು ಕೇಳಿದ್ದೀರಿ. ಎಲ್ಲದರ ತಿರುಳು ಇರುವುದು ಅದರಲ್ಲಿಯೇ. ಟ್ರಿಯೆಸ್ಟೆಯಲ್ಲಿ ಅವರು ಬಾಡಿಗೆ ಮನೆಗಳಿಗೆ, ತಮ್ಮ ಕುಟುಂಬಗಳಿಗೆ, ಸಹಕಾರಿ ಸಂಘದ ಕೆಲಸಗಳಿಗೆ ಹೋದರು. ಅವರನ್ನು ನೋಡಿಕೊಳ್ಳಲು ಓಣಿಗಳಲ್ಲಿಯೇ, ಹಗಲೂ ರಾತ್ರಿ ತೆರೆದಿರುವ, ನಾಲ್ಕಾರು ಹಾಸಿಗೆಗಳ ಪುಟ್ಟ ಕೇಂದ್ರಗಳನ್ನು ಕಟ್ಟಿದ್ದರು. ಅಮೆರಿಕದಲ್ಲಿ ನಡೆದದ್ದು ಬೇರೆ. 1955ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. 1963ರಲ್ಲಿ ಅಧ್ಯಕ್ಷ ಕೆನಡಿಯವರು ಸಮುದಾಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ಆಸ್ಪತ್ರೆಗಳು ಖಾಲಿಯಾದವು, ಆದರೆ ಕಟ್ಟಬೇಕೆಂದಿದ್ದ ಕೇಂದ್ರಗಳಲ್ಲಿ ಅರ್ಧದಷ್ಟು ಕಟ್ಟಲೇ ಇಲ್ಲ. ಹೊರಬಂದವರಲ್ಲಿ ಎಷ್ಟೋ ಮಂದಿ ಬೀದಿಗೆ ಬಿದ್ದರು, ಎಷ್ಟೋ ಮಂದಿ ಸೆರೆಮನೆ ಸೇರಿದರು. ಬೀಗ ತೆಗೆಯಲು ಖರ್ಚಿಲ್ಲ, ಆಮೇಲಿನದಕ್ಕೇ ದುಡ್ಡು ಬೇಕು.

ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನದು ಇನ್ನೊಂದೇ ದಾರಿ. ಅಲ್ಲಿನ ಚರ್ಚಿಗೆ ಹರಕೆ ಹೊತ್ತು ಬಂದ ಮಾನಸಿಕ ರೋಗಿಗಳನ್ನು ಊರಿನವರು ಮನೆಯಲ್ಲಿಟ್ಟುಕೊಳ್ಳುವ ರೂಢಿ ಮಧ್ಯಯುಗದಿಂದ ಇಂದಿನವರೆಗೂ ನಡೆದುಬಂದಿದೆ. ಈಗ ಅದಕ್ಕೆ ಸರ್ಕಾರದ ಭತ್ಯೆಯೂ ಆಸ್ಪತ್ರೆಯ ಬೆಂಬಲವೂ ಇವೆ. ನಮ್ಮ ಧಾರವಾಡದ ಆಸ್ಪತ್ರೆ ಬ್ರಿಟಿಷರ ಕಾಲದ್ದು. ಹಿಂದೆ ಅದರ ಹೆಸರೆತ್ತಿದರೆ ಜನ ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡುವ ಸಂಸ್ಥೆ. ಅದನ್ನು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಗದಗ, ಹಾವೇರಿ ಜಿಲ್ಲೆಗಳ ಮೂಲೆಯ ಹಳ್ಳಿಯವರಿಗೂ ಅದೊಂದೇ ಗತಿ ಎಂಬ ಸ್ಥಿತಿ ಮುಗಿಯಬೇಕೆಂದಷ್ಟೇ ಹೇಳುತ್ತೇನೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ, ಓದಿದ್ದು ಹತ್ತನೇ ಇಯತ್ತೆ. ಮನೆ ಮನೆಗೆ ಹೋದಾಗ ಹೆಣ್ಣುಮಕ್ಕಳು ನನ್ನೆದುರು ಅಳುತ್ತಾರೆ, ನಿದ್ದೆ ಇಲ್ಲ, ಜೀವ ಬ್ಯಾಡಾಗೈತಿ ಎನ್ನುತ್ತಾರೆ. ನನ್ನಂಥವಳು ಇದಕ್ಕೆ ಏನಾದರೂ ಮಾಡಲು ಸಾಧ್ಯವೇ? (ಮುಂಡರಗಿ ತಾಲ್ಲೂಕು)

ಉತ್ತರ: ಸಾಧ್ಯವಿದೆ ತಂಗಿ, ಇದಕ್ಕೆ ಗಟ್ಟಿಯಾದ ಪುರಾವೆಯೂ ಇದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಕೋಟಿಗಟ್ಟಲೆ ಜನರಿಗೆ ಬೆರಳೆಣಿಕೆಯಷ್ಟು ಮನೋವೈದ್ಯರು. 2006ರಲ್ಲಿ ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡಾ ಅವರು ಹರಾರೆ ನಗರದ ಎಂಬಾರೆ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚು ಹಾಕಿ ಕೂರಿಸಿದರು. ನೊಂದವರು ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಾರೆ; ಅಜ್ಜಿ ಕೇಳಿಸಿಕೊಂಡು, ಎಲ್ಲ ತೊಂದರೆಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣವೆಂದು ಅವರಿಂದಲೇ ಆರಿಸಿ, ಮುಂದಿನ ಭೇಟಿಯೊಳಗೆ ಮಾಡಬಹುದಾದ ಒಂದು ಹೆಜ್ಜೆಯನ್ನು ಗೊತ್ತು ಮಾಡುತ್ತಾಳೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 573 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದಾಗ, ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದಿದ್ದದ್ದು ಬೆಂಚಿಗೆ ಬಂದವರಲ್ಲಿ ಶೇಕಡಾ 14ರಷ್ಟು ಮಂದಿಗೆ, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 50ರಷ್ಟು ಮಂದಿಗೆ. ನಮ್ಮ ಪಕ್ಕದ ಗೋವಾದಲ್ಲಿಯೂ ಸಂಗಾತ್ ಎಂಬ ಸಂಸ್ಥೆಯವರು ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಖಿನ್ನತೆ ಇಳಿಯುವುದನ್ನು ತೋರಿಸಿದ್ದಾರೆ.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಈ ಸಂಕಟಕ್ಕೆ ‘ಕುಫುಂಗಿಸಿಸಾ’ ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಮ್ಮ ಕಡೆ “ವಿಚಾರ ಭಾಳ ಹಚ್ಚಿಕೊಂಡಾಳ” ಎನ್ನುವುದಿಲ್ಲವೇ, ಅದೇ. ಖಿನ್ನತೆ ಎಂಬ ಪುಸ್ತಕದ ಶಬ್ದವನ್ನು ಬದಿಗಿಟ್ಟು ಅವರದೇ ಮಾತಿನಲ್ಲಿ ಕೇಳಿರಿ: ಎಷ್ಟು ದಿನದಿಂದ ಹೀಗೆ, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ. ಜೀವ ಬೇಡವೆಂದವಳನ್ನು, ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿರಿ. ಹಾಗೆ ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತರಬೇಕು, ಮನೆಯಲ್ಲಿರುವ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಬೇರೆಯವರ ಕೈಗೆ ಕೊಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ಇದನ್ನು ಓದುವ ಅಧಿಕಾರಿಗಳಿಗೂ ಒಂದು ಮಾತು. ಜಿಂಬಾಬ್ವೆಯ ಅಜ್ಜಿಯರಿಗೆ ತರಬೇತಿಯ ನಂತರವೂ ಬೆನ್ನ ಹಿಂದೆ ಮೇಲ್ವಿಚಾರಕರಿದ್ದರು, ಕಠಿಣ ಪ್ರಕರಣಗಳನ್ನು ಒಪ್ಪಿಸಲು ಒಬ್ಬ ವೈದ್ಯರಿದ್ದರು. ಆಶಾ ಕಾರ್ಯಕರ್ತೆಯ ಚೀಲಕ್ಕೆ ಇನ್ನೊಂದು ನೋಂದಣಿ ಪುಸ್ತಕ ತುರುಕಿ, ಗೌರವಧನವನ್ನು ಇದ್ದಲ್ಲಿಯೇ ಇಟ್ಟು, ಇದೇ ಸಮುದಾಯ ಮಾನಸಿಕ ಆರೋಗ್ಯವೆಂದು ಹೇಳಿಕೊಂಡರೆ ಅದು ನಡೆಯುವುದಿಲ್ಲ.

ಪ್ರಶ್ನೆ: ಮಾನಸಿಕ ಕಾಯಿಲೆಗೂ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರಬೇಕು. ಚಿಕಿತ್ಸೆಯ ಹಳೆಯ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಅರ್ಜಿ ಹಾಕಿರಿ.

ಪ್ರಶ್ನೆ: ನನ್ನ ಗಂಡ ಎಂಟು ತಿಂಗಳಿಂದ ಮಂಕಾಗಿದ್ದಾರೆ, ಕೆಲವೊಮ್ಮೆ ಚೀರಾಡುತ್ತಾರೆ. ಅತ್ತೆಯವರು ಗಾಳಿ ಸೋಕಿದೆ ಎಂದು ಪ್ರತಿ ಅಮಾವಾಸ್ಯೆಗೆ ದೇವರ ಗುಡಿಗೆ ಕರೆದೊಯ್ಯುತ್ತಾರೆ, ಆಸ್ಪತ್ರೆಯ ಮಾತೆತ್ತಿದರೆ ಜಗಳ. ಕಳೆದ ಸಲ ಅಲ್ಲಿ ಕೈಕಾಲು ಕಟ್ಟಿದ್ದರು. (ಲಕ್ಷ್ಮೇಶ್ವರ)

ಉತ್ತರ: ಕಟ್ಟುವುದನ್ನು ನೀವು ಒಪ್ಪಲೇಬಾರದು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಕಾರಣ ಓಡಲಾಗದೆ ರೋಗಿಗಳು ಸುಟ್ಟುಹೋದರು. ಸತ್ತವರು 28 ಮಂದಿ. ಈಗಿನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟುವಂತಿಲ್ಲ.

ಆದರೆ ಗುಡಿಯ ವಿಷಯದಲ್ಲಿ ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ಅವರ ಜೀವವೂ ಮಗನಿಗಾಗಿಯೇ ಮಿಡಿಯುತ್ತಿದೆ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರು ಆವರಣದೊಳಗೇ ಕೂತು ರೋಗಿಗಳನ್ನು ನೋಡುತ್ತಾರೆ, ಮುಜಾವರರೇ ಅವರ ಬಳಿಗೆ ಕಳುಹಿಸುತ್ತಾರೆ. ಪ್ರಾರ್ಥನೆಯೂ ನಡೆಯುತ್ತದೆ, ಗುಳಿಗೆಯೂ ಸಿಗುತ್ತದೆ. ನಿಮ್ಮ ಮನೆಯಲ್ಲಿಯೂ ಹಾಗೆಯೇ ಮಾಡಿ. ಅಮಾವಾಸ್ಯೆಗೆ ಗುಡಿ ಇರಲಿ, ಅದರ ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆ ಇರಲಿ, ಎರಡೂ ಕಡೆಗೆ ಅತ್ತೆಯವರೇ ಜೊತೆಗೆ ಬರಲಿ. ಮಗನಿಗೆ ನಿದ್ದೆ ಬರಲು ಮದ್ದು ಕೇಳೋಣವೆಂದರೆ ಬಹುಶಃ ಬೇಡವೆನ್ನಲಾರರು. ಕೈಗೆ ಕಟ್ಟಿದ ದಾರವನ್ನು ಬಿಚ್ಚಿರೆಂದು ನಾವು ಯಾರೂ ಹೇಳುವುದಿಲ್ಲ. ರಕ್ತದೊತ್ತಡ ನೋಡುವ ಪಟ್ಟಿಯನ್ನು ಇನ್ನೊಂದು ಕೈಗೆ ಸುತ್ತುತ್ತೇವೆ.