ಕೂಸಿನ ಜೊತೆ ಉಮ್ರಾ: ಅವಸರ ಬೇಡ, ಪಾಳಿ ಹಾಕಿಕೊಳ್ಳಿ

ಪುಟ್ಟ ಮಕ್ಕಳನ್ನು ಕರೆದುಕೊಂಡು ಉಮ್ರಾಕ್ಕೆ, ಅಂದರೆ ಮಕ್ಕಾದ ಚಿಕ್ಕ ಯಾತ್ರೆಗೆ, ಹೊರಟವರು ಕೇಳಿದ ಪ್ರಶ್ನೆಗಳು ಈ ಸಲ ಜಾಸ್ತಿ ಬಂದಿವೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು, ಈಗ ರಾಯಚೂರಿನಿಂದ ಹೆಣ್ಣುಮಕ್ಕಳ ಗುಂಪುಗಳ ಜೊತೆ ಮಕ್ಕಾ-ಮದೀನಾಕ್ಕೆ ಹೋಗಿಬರುವ ನಮ್ಮ ತಜ್ಞೆ ಉತ್ತರ ಕೊಟ್ಟಿದ್ದಾರೆ.

ಆಪಾ, ನನ್ನ ಮಗಳಿಗೆ 7 ತಿಂಗಳು. ಡಿಸೆಂಬರ್‌ನಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ನಾನು ಎಲ್ಲರೂ ಗ್ರೂಪ್‌ನಲ್ಲಿ ಹೊರಟಿದ್ದೇವೆ. ಕೂಸನ್ನ ತವರುಮನೆಯಲ್ಲಿ ಬಿಟ್ಟು ಹೋಗು ಅಂತ ಎಲ್ಲರೂ ಹೇಳ್ತಾರೆ. ಅವಳು ಇನ್ನೂ ಎದೆಹಾಲು ಕುಡಿಯುತ್ತಾಳೆ. ಕರ್ಕೊಂಡು ಹೋದರೆ ಅಷ್ಟು ಜನರ ನಡುವೆ ತವಾಫ್ (ಕಾಬಾದ ಸುತ್ತ 7 ಸುತ್ತು) ಹೇಗೆ ಮಾಡೋದು? (ಸಿಂಧನೂರಿನ ಒಬ್ಬ ತಾಯಿ)

ಬಿಟ್ಟು ಹೋಗಬೇಡಿ ತಂಗಿ. ಎದೆಹಾಲು ಕುಡಿಯೋ ಕೂಸನ್ನ ಅಷ್ಟು ದಿನ ಬಿಟ್ಟರೆ ಅದಕ್ಕೂ ಕಷ್ಟ, ಹಾಲು ಕಟ್ಟಿಕೊಂಡು ನಿಮಗೂ ಜ್ವರ. ಮತ್ತೆ ಒಂದು ಮಾತು. ಸಫಾ-ಮರ್ವಾ ಗುಡ್ಡಗಳ ನಡುವೆ ನಾವೆಲ್ಲ 7 ಸಲ ಓಡಾಡೋದು (ಸಯೀ) ಯಾಕೆ? ಹಾಲುಗೂಸು ಇಸ್ಮಾಯಿಲರಿಗೆ ನೀರು ಹುಡುಕುತ್ತಾ ಅವರ ತಾಯಿ ಹಾಜಿರಾ ಬೀಬಿ ಓಡಿದ ನೆನಪಿಗೆ ಅಲ್ವಾ? ಅಂಥ ಜಾಗಕ್ಕೆ ಕೂಸು ತರಬೇಡ ಅನ್ನೋರಿಗೆ ಇದನ್ನೇ ಹೇಳಿ.

ಇನ್ನು ನಿಜವಾದ ತೊಂದರೆ ಜನಜಂಗುಳಿ ಅಲ್ಲ, ನಮ್ಮ ಅವಸರ. ಗ್ರೂಪ್‌ನವರು ಏನು ಮಾಡ್ತಾರೆ ಗೊತ್ತಲ್ಲ. ಊರಿಂದ ಹೈದರಾಬಾದ್‌ವರೆಗೆ ಗಾಡಿ, ಅಲ್ಲಿ ಏರ್‌ಪೋರ್ಟ್‌ನಲ್ಲಿ ಕಾಯೋದು, ಐದಾರು ತಾಸು ವಿಮಾನ, ಜಿದ್ದಾದಲ್ಲಿ ಲೈನು, ಆಮೇಲೆ ಬಸ್ಸು, ಇಷ್ಟೆಲ್ಲ ಆಗಿ ಮಕ್ಕಾ ಹೋಟೆಲ್‌ಗೆ ಕಾಲಿಟ್ಟ ಕೂಡಲೇ "ಬ್ಯಾಗ್ ಇಡ್ರೀ, ವುಜೂ (ಕೈಕಾಲು-ಮುಖ ತೊಳೆದು ಶುದ್ಧಿ) ಮಾಡ್ರೀ, ಹರಮ್‌ಗೆ ನಡೀರಿ" ಅಂತ ಎಲ್ಲರನ್ನೂ ಕಾಬಾ ಇರುವ ದೊಡ್ಡ ಮಸೀದಿಗೆ ಹೊರಡಿಸಿಬಿಡ್ತಾರೆ. ದೊಡ್ಡವರೇ ತೂಗಾಡುತ್ತಾ ಸುತ್ತುತ್ತಾರೆ. ನೀವು ಆ ಗುಂಪಿನ ಜೊತೆ ಹೋಗಬೇಡಿ. ಎಹ್ರಾಮ್‌ಗೆ (ಯಾತ್ರೆಯ ಪವಿತ್ರ ಸ್ಥಿತಿ, ಗಂಡಸರಿಗೆ ಹೊಲಿಯದ ಬಟ್ಟೆ) ಗಡುವು ಇಲ್ಲ. ಎಹ್ರಾಮ್‌ನಲ್ಲೇ ಇದ್ದು, ಅದರ ಕಟ್ಟುಪಾಡು ಪಾಲಿಸಿಕೊಂಡು, ರಾತ್ರಿ ಮಲಗಿ ಬೆಳಿಗ್ಗೆ ಉಮ್ರಾ ಮಾಡಿದರೂ ಏನೂ ಕಡಿಮೆ ಆಗಲ್ಲ. ಇದನ್ನು ಗ್ರೂಪ್ ಲೀಡರ್‌ಗೆ ಊರಲ್ಲೇ ಹೇಳಿಬಿಡಿ, ಅಲ್ಲಿ ಹೋಗಿ ವಾದ ಬೇಡ.

ಸಾಧ್ಯವಿದ್ದರೆ ಮೊದಲು ಮದೀನಾಕ್ಕೆ ಹೋಗುವ ಪ್ಯಾಕೇಜ್ ತಗೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಗೆ ಹೋಗೋಕೆ ಎಹ್ರಾಮ್ ಬೇಕಿಲ್ಲ, ಕೂಸಿನ ನಿದ್ದೆ-ಹೊಟ್ಟೆ ಅಲ್ಲಿಯ ಹವಾಕ್ಕೆ ಹೊಂದಿಕೊಳ್ಳುತ್ತೆ, ನಿಮಗೂ ದಣಿವು ಆರುತ್ತೆ. ಆಮೇಲೆ ಮದೀನಾದ ಹೊರಗಿರುವ ಜುಲ್ ಹುಲೈಫಾದಲ್ಲಿ ಎಹ್ರಾಮ್ ಕಟ್ಟಿಕೊಂಡು ಮಕ್ಕಾಕ್ಕೆ ಹೊರಡಬಹುದು.

ತವಾಫ್‌ಗೆ ಪಾಳಿ ಹಾಕಿಕೊಳ್ಳಿ. ನಿಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರು ಇದ್ದೀರಿ, ಇದಕ್ಕಿಂತ ಪುಣ್ಯ ಬೇಕಾ? ಮೊದಲು ಯಜಮಾನರು ತಂದೆ-ತಾಯಿ ಜೊತೆ ಮುಗಿಸಿ ಬರಲಿ, ಆಮೇಲೆ ಅತ್ತೆ ಕೈಗೆ ಕೂಸು ಕೊಟ್ಟು ನೀವಿಬ್ಬರೂ ಹೋಗಿ. ಹೊಟ್ಟೆ ತುಂಬ ಹಾಲು ಕುಡಿಸಿ ಹೋದರೆ ಎರಡು ತಾಸು ನಿಮ್ಮ ಕೈಲಿರುತ್ತೆ. ಇಲ್ಲ, ಕೂಸಿನ ಜೊತೆಗೇ ಮಾಡಬೇಕು ಅಂದರೆ ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಒಯ್ಯಿರಿ, ನಮ್ಮ ಕಡೆಯವರ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು 7 ಸುತ್ತು ಆಗಲ್ಲ. ಆ ಕ್ಯಾರಿಯರ್ ಅಪ್ಪನ ಎದೆಗೆ ಹಾಕಿ. ಎಹ್ರಾಮ್‌ನಲ್ಲಿ ಗಂಡಸರು ಸೊಂಟಕ್ಕೆ ಬೆಲ್ಟ್ ಕಟ್ಟುತ್ತಾರೆ, ಹೆಗಲಿಗೆ ಚೀಲ ಹಾಕುತ್ತಾರೆ. ಇದನ್ನೂ ಅದೇ ಲೆಕ್ಕದಲ್ಲಿ ನೋಡುವವರು ಜಾಸ್ತಿ. ಮನಸ್ಸು ಒಪ್ಪದಿದ್ದರೆ ಹೊರಡುವ ಮುಂಚೆ ನಿಮ್ಮ ಮಸೀದಿಯ ಹಜರತರನ್ನು ಒಂದು ಮಾತು ಕೇಳಿ.

ಸೂರ್ಯ ಹುಟ್ಟಿದ ಮೇಲೆ ಬೆಳಗಿನ ಹೊತ್ತು, ಇಲ್ಲವೇ ಇಶಾ (ರಾತ್ರಿಯ ನಮಾಜ್) ಆಗಿ ಒಂದೆರಡು ತಾಸು ಕಳೆದ ಮೇಲೆ ಹೋಗಿ. ಆಜಾನ್ ಹತ್ತಿರ ಬಂದಾಗ ಸುತ್ತು ಶುರು ಮಾಡಬೇಡಿ, ಜನ ನಮಾಜಿಗೆ ಸಾಲು (ಸಫ್) ಕಟ್ಟಿ ಕೂರುತ್ತಾರೆ, ನಡುವೆ ಸಿಕ್ಕಿಕೊಳ್ತೀರಿ. ಶುಕ್ರವಾರ ಬೇಡವೇ ಬೇಡ. ಮತಾಫ್‌ನಲ್ಲಿ (ಕಾಬಾದ ಸುತ್ತಲಿನ ಅಂಗಳ) ಹೊರ ಅಂಚು ಹಿಡಿದು ನಡೆಯಿರಿ. ಹಜರೆ ಅಸ್ವದ್ (ಕಾಬಾ ಮೂಲೆಯ ಕಪ್ಪು ಕಲ್ಲು) ಹತ್ತಿರ ತೇರು ಎಳೆಯುವಾಗಿನ ನೂಕುನುಗ್ಗಲು ಇರುತ್ತೆ, ಕೂಸು ಇದ್ದವರು ಆ ಕಡೆ ತಲೆ ಹಾಕಬಾರದು. ಆ ಕಲ್ಲಿನ ಎದುರಿನ ಹಸಿರು ದೀಪದ ಸೀದಾಕ್ಕೆ ಬಂದಾಗ ದೂರದಿಂದಲೇ ಕೈ ಎತ್ತಿದರೆ ಸಾಕು. ಸುತ್ತಿನ ನಡುವೆ ಕೂಸು ಹಾಲಿಗೆ ಅತ್ತರೆ ಪಕ್ಕಕ್ಕೆ ಬನ್ನಿ, ಹೆಣ್ಣುಮಕ್ಕಳು ನಮಾಜ್ ಮಾಡುವ ಜಾಗದಲ್ಲಿ ಕೂತು ಕುಡಿಸಿ, ಬಿಟ್ಟಲ್ಲಿಂದ ಮುಂದುವರಿಸಿ. ಹಾಲು ಕುಡಿಸಿದರೆ ವುಜೂ ಮುರಿಯಲ್ಲ. ತವಾಫ್ ಮುಗಿಸಿ ಸಯೀಗೆ ಮುಂಚೆ ಬೇಕಾದಷ್ಟು ಹೊತ್ತು ಕೂತುಕೊಳ್ಳಬಹುದು.

ಸ್ಟ್ರಾಲರ್ ಮತಾಫ್‌ನ ಕೆಳಗಿನ ಅಂಗಳಕ್ಕೆ ಬಿಡಲ್ಲ. ಮೇಲಿನ ಮಹಡಿಗಳಲ್ಲಿ ಒಯ್ಯಬಹುದು, ಆದರೆ ಅಲ್ಲಿ ಒಂದೊಂದು ಸುತ್ತು ಕೆಳಗಿನದಕ್ಕಿಂತ ಹಲವು ಪಟ್ಟು ಉದ್ದ, ರಶ್ ಇದ್ದ ದಿನ ಕಾವಲಿನವರು ಅಲ್ಲೂ ತಡೀತಾರೆ. ಸಯೀ ಒಟ್ಟು 3 ಕಿಲೋಮೀಟರ್ ಮೇಲೆ ಆಗುತ್ತೆ. ಸಯೀ ದಾರಿಯ ಹಸಿರು ದೀಪಗಳ ನಡುವೆ ಗಂಡಸರು ಜೋರಾಗಿ ಹೆಜ್ಜೆ ಹಾಕೋದು ರೂಢಿ, ಎದೆ ಮೇಲೆ ಕೂಸು ಇದ್ದವರು ಓಡೋದು ಬೇಡ. ಇನ್ನೊಂದು ಯಾರೂ ಹೇಳದ ವಿಷಯ ಚಳಿ. ಹೊರಗೆ ಬೆವರಿ ಒಳಗೆ ಬಂದರೆ ಸಯೀ ಜಾಗದಲ್ಲಿ ಎಸಿ ಗಾಳಿ ಕೊರೆಯುತ್ತೆ, ಮತಾಫ್‌ನ ಬಿಳಿ ಅಮೃತಶಿಲೆ ಬಿಸಿಲಲ್ಲೂ ತಣ್ಣಗಿರುತ್ತೆ. ಕಾಲುಚೀಲ, ಟೊಪ್ಪಿ, ಒಂದು ತೆಳು ಹೊದಿಕೆ ಕೈಚೀಲದಲ್ಲೇ ಇರಲಿ.

ಅತ್ತರೆ ಜನ ಏನಂದ್ಕೋತಾರೋ ಅನ್ನೋ ಚಿಂತೆ ಬಿಡಿ. ನಮಾಜ್ ನಡುವೆ ಮಗು ಅಳೋದು ಕೇಳಿದರೆ ತಾಯಿಗೆ ಕಷ್ಟ ಆಗಬಾರದು ಅಂತ ಪ್ರವಾದಿಯವರು ನಮಾಜನ್ನೇ ಚಿಕ್ಕದು ಮಾಡುತ್ತಿದ್ದರು. ಬುಖಾರಿ ಹದೀಸ್ ಗ್ರಂಥದಲ್ಲಿ ಇದೆ.

ನನ್ನ ಮಗನಿಗೆ ಒಂದು ವರ್ಷ. ಅವನಿಗೂ ಎಹ್ರಾಮ್ ಬಟ್ಟೆ ಹಾಕಬೇಕಾ? ಡೈಪರ್ ಹೊಲಿದದ್ದು, ಅದನ್ನು ಹಾಕಿದರೆ ದಂಡ ಬೀಳುತ್ತಾ? ಅವನ ಉಮ್ರಾ ಲೆಕ್ಕಕ್ಕೆ ಬರುತ್ತಾ? (ಗಂಗಾವತಿಯ ಒಬ್ಬ ತಂದೆ)

ಕಡ್ಡಾಯ ಇಲ್ಲ ಅಣ್ಣಾ. ಆಸೆ ಇದ್ದರೆ ಮಾಡಿಸಬಹುದು. ಒಬ್ಬ ಹೆಣ್ಣುಮಗಳು ತನ್ನ ಕೂಸನ್ನು ಎತ್ತಿ ತೋರಿಸಿ "ಇವನಿಗೂ ಹಜ್ ಇದೆಯಾ" ಅಂತ ಕೇಳಿದಾಗ ಪ್ರವಾದಿಯವರು "ಹೌದು, ಪುಣ್ಯ ನಿನಗೂ ಇದೆ" ಅಂದಿದ್ದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಇದು. ಉಮ್ರಾಕ್ಕೂ ಇದೇ ಮಾತು. ಹಾಗಾಗಿ ಅವನ ಪರವಾಗಿ ನೀವು ನಿಯ್ಯತ್ (ಸಂಕಲ್ಪ) ಮಾಡಿ ತಲ್ಬಿಯಾ (ಲಬ್ಬೈಕ್ ಪ್ರಾರ್ಥನೆ) ಹೇಳಿದರೆ ಅದು ನಫಿಲ್ (ಐಚ್ಛಿಕ) ಉಮ್ರಾ ಆಗುತ್ತೆ. ಹಜ್ ಮಾಡಿಸಿದರೂ ಹಾಗೇ, ದೊಡ್ಡವನಾದ ಮೇಲೆ ಅವನ ಮೇಲಿನ ಫರ್ಜ್ (ಕಡ್ಡಾಯ) ಹಜ್ ಹಾಗೇ ಉಳಿಯುತ್ತೆ.

ಡೈಪರ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಹೆಚ್ಚಿನವರು ಹನಫಿ ಪಂಥದವರು. ಹನಫಿ ಫಿಕ್ಹ್ (ಧಾರ್ಮಿಕ ಕಾನೂನು) ಪ್ರಕಾರ ಮಗು ಎಹ್ರಾಮ್‌ನ ಕಟ್ಟುಪಾಡು ಮುರಿದರೆ ಮಗುವಿನ ಮೇಲೂ ದಂಡ ಇಲ್ಲ, ತಂದೆ-ತಾಯಿ ಮೇಲೂ ಇಲ್ಲ. ಶಾಫಿಗಳಲ್ಲಿ ಲೆಕ್ಕ ಬೇರೆ, ಭಟ್ಕಳ ಕಡೆಯ ಬೀಗರು ಬೇರೆ ಹೇಳಿದರೆ ಗಾಬರಿ ಆಗಬೇಡಿ. ಎತ್ತಿಕೊಂಡು ಸುತ್ತಿದರೆ ನಿಮ್ಮದೂ ಅವನದೂ ಒಂದೇ ಸುತ್ತಿನಲ್ಲಿ ಆಗುತ್ತೆ, ಎರಡೂ ನಿಯ್ಯತ್ ಇರಲಿ. ಹೊರಡುವ ಮುಂಚೆ ಮಾತ್ರ ಡೈಪರ್ ಬದಲಿಸಿ. ಹೊಲಸಾದ ಡೈಪರ್ ಕಟ್ಟಿಕೊಂಡು ಸುತ್ತೋದು ಸರಿಯಲ್ಲ. ಕೊನೆಗೆ ತಲೆ ಬೋಳಿಸಬಹುದು ಅಥವಾ ಕೂದಲು ಕತ್ತರಿಸಬಹುದು. ಇದು ಅಕೀಕಾದ (ಮಗು ಹುಟ್ಟಿದಾಗಿನ ಶಾಸ್ತ್ರ) ಕೂದಲು ತೆಗೆಯೋದಲ್ಲ, ಎರಡನ್ನೂ ಕಲಸಬೇಡಿ.

ನಿಜವಾಗಿ ಎಚ್ಚರ ಬೇಕಾಗಿರೋದು ನಿಮ್ಮ ಕೈಗೆ. ಎಹ್ರಾಮ್‌ನಲ್ಲಿ ಸುಗಂಧ ಮುಟ್ಟುವಂತಿಲ್ಲ, ಆದರೆ ಮಕ್ಕಳ ಸಾಮಾನು ಎಲ್ಲಾ ಘಮಘಮ. ವೈಪ್ಸ್, ಪೌಡರ್, ಎಣ್ಣೆ, ಸೋಪು, ಲೋಷನ್ ಎಲ್ಲದಕ್ಕೂ ವಾಸನೆ ಇರುತ್ತೆ. ಮಗನ ಕುಂಡೆ ಒರೆಸುವಾಗ ಆ ಸುಗಂಧ ನಿಮ್ಮ ಕೈಗೆ ಹತ್ತುತ್ತೆ. ವಾಸನೆ ಇಲ್ಲದ ವೈಪ್ಸ್ ತಗೊಳ್ಳಿ, ಇಲ್ಲವೇ ಸುಮ್ನೆ ಹತ್ತಿ ಮತ್ತು ನೀರು. ಮೀಕಾತ್ (ಎಹ್ರಾಮ್ ಕಟ್ಟಲೇಬೇಕಾದ ಗಡಿ) ಬರುವ ಮುಂಚೆ ವಿಮಾನದಲ್ಲೇ ಒಂದು ಸಲ ಎಲ್ಲ ಸ್ವಚ್ಛ ಮಾಡಿ, ಕೈ ತೊಳೆದು, ಆಮೇಲೆ ನಿಯ್ಯತ್ ಮಾಡಿ.

ಮೊಮ್ಮಗನಿಗೆ 4 ತಿಂಗಳು. ಮಕ್ಕಾದಲ್ಲಿ ಝಮ್‌ಝಮ್ (ಹರಮ್ ಬಾವಿಯ ನೀರು) ಕುಡಿಸಿ, ಜೇನು-ಖರ್ಜೂರ ನೆಕ್ಕಿಸಬೇಕು ಅಂತ ನನ್ನ ಆಸೆ. ಸೊಸೆ ಬೇಡ ಅಂತಾಳೆ. ಬಿಸಿಲಲ್ಲಿ ನೀರು ಕೊಡದೆ ಇದ್ದರೆ ಹೇಗೆ? (ಬಳ್ಳಾರಿಯ ಒಬ್ಬ ಅಜ್ಜಿ)

ಅಮ್ಮಾ, ನಿಮ್ಮ ಆಸೆ ದೊಡ್ಡದು, ಆದರೆ ಈ ಸಲ ಸೊಸೆ ಮಾತೇ ಸರಿ. 6 ತಿಂಗಳ ಒಳಗಿನ ಕೂಸಿಗೆ ಬಿಸಿಲಿದ್ದರೂ ಎದೆಹಾಲೇ ನೀರು, ಹಾಲು ಕುಡಿಸೋದನ್ನ ಜಾಸ್ತಿ ಸಲ ಮಾಡಬೇಕು ಅಷ್ಟೇ. ನೀರು ಜಾಸ್ತಿ ಹೋಗಬೇಕಾದದ್ದು ತಾಯಿ ಹೊಟ್ಟೆಗೆ, ಆ ಝಮ್‌ಝಮ್ ಸೊಸೆಗೆ ಧಾರಾಳವಾಗಿ ಕುಡಿಸಿ. ತಣ್ಣಗಿಲ್ಲದ ಝಮ್‌ಝಮ್ ಬೇರೆ ಡ್ರಮ್‌ನಲ್ಲಿ ಇಟ್ಟಿರುತ್ತಾರೆ, ಅದರ ಮೇಲೆ ಬರೆದಿರುತ್ತೆ, ಅದನ್ನೇ ಹಿಡಿಯಿರಿ. ಐಸ್‌ನಂಥ ನೀರು ಕುಡಿದು ಗಂಟಲು ಕೆಡಿಸಿಕೊಳ್ಳೋರೇ ಅಲ್ಲಿ ಜಾಸ್ತಿ. ಬರ್ಕತ್‌ಗೆ ಅಂತ ಕೂಸಿನ ಹಣೆ, ಕೈಕಾಲಿಗೆ ಸವರಿ ದುವಾ ಮಾಡಿ. ಬಾಟಲಿ ಹಾಲಿನ ಪುಡಿ ಕಲಸೋಕೆ ಝಮ್‌ಝಮ್ ಬೇಡ, ಅದರಲ್ಲಿ ಲವಣಾಂಶ ಜಾಸ್ತಿ. ಸೀಲ್ ಇರುವ ಬಾಟಲಿ ನೀರು ಕುದಿಸಿ ಬಳಸಿ.

ಜೇನು ವರ್ಷ ತುಂಬುವವರೆಗೂ ಬಾಯಿಗೆ ಹಚ್ಚಬಾರದು, ಎಷ್ಟೇ ಒಳ್ಳೆಯ ಜೇನಾದರೂ ಸರಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ದೊಡ್ಡವರಿಗೆ ಏನೂ ಮಾಡಲ್ಲ, ಎಳೆಗೂಸಿನ ಕರುಳಲ್ಲಿ ವಿಷ ಉಂಟುಮಾಡುತ್ತೆ. ಆರು ತಾಸಾದರೂ ಡೈಪರ್ ಒದ್ದೆ ಆಗದಿದ್ದರೆ, ನೆತ್ತಿ ಒಳಕ್ಕೆ ಹೋದ ಹಾಗೆ ಕಂಡರೆ, ಅಳುವಾಗ ಕಣ್ಣೀರು ಬರದಿದ್ದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ನಡೆಯಿರಿ. ಅಲ್ಲಿ ಆಂಬುಲೆನ್ಸ್ ನಂಬರ್ 997. ಉಮ್ರಾ ವೀಸಾದ ಜೊತೆ ತುರ್ತು ಚಿಕಿತ್ಸೆಯ ವಿಮೆ ಇರುತ್ತೆ, ಅದರ ಪ್ರಿಂಟ್ ಜೊತೆಗಿರಲಿ. ಮತ್ತೆ "ನಮ್ಮ ಬಳ್ಳಾರಿ ಬಿಸಿಲು ಕಂಡವರಿಗೆ ಮಕ್ಕಾ ಯಾವ ಲೆಕ್ಕ" ಅಂತ ಏಪ್ರಿಲ್ ಕಳೆದ ಮೇಲೆ ಟಿಕೆಟ್ ತೆಗೀಬೇಡಿ. ಆ ಬಿಸಿಲು ಕಂಡವರು ನೀವು, ಕೂಸು ಇನ್ನೂ ಕಂಡಿಲ್ಲ.

ಕೂಸಿಗೆ ಪಾಸ್‌ಪೋರ್ಟ್ ಬೇಕಾ? ಜನನ ಪತ್ರದಲ್ಲಿ ಹೆಸರೇ ಇಲ್ಲ. ಯಾವ ಲಸಿಕೆ ಹಾಕಿಸಬೇಕು? (ಕುಷ್ಟಗಿ)

ಒಂದು ದಿನದ ಕೂಸಾದರೂ ಸ್ವಂತ ಪಾಸ್‌ಪೋರ್ಟ್, ಸ್ವಂತ ವೀಸಾ ಬೇಕು. ನಿಮ್ಮ ಕೆಲಸ ಶುರುವಾಗಬೇಕಾದ್ದು ಆ ಜನನ ಪತ್ರದಿಂದ. ಹೆರಿಗೆ ಆದ ಕಡೆ ನೋಂದಣಿ ಮಾಡಿಸಿ ಹೆಸರಿನ ಜಾಗ ಖಾಲಿ ಬಿಡೋದು ನಮ್ಮ ಕಡೆ ಮಾಮೂಲು. ವರ್ಷದ ಒಳಗಾದರೆ ಶುಲ್ಕ ಇಲ್ಲದೆ ಹೆಸರು ಸೇರಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನಕ್ಕೆ ಪುರಾವೆ ಅಂದರೆ ಜನನ ಪತ್ರ ಒಂದೇ, ಬೇರೆ ಕಾಗದ ನಡೆಯಲ್ಲ. ಹೆಸರು ಸೇರಿಸುವಾಗಲೇ ತಂದೆ-ತಾಯಿ ಹೆಸರಿನ ಇಂಗ್ಲಿಷ್ ಅಕ್ಷರ ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿಕೊಳ್ಳಿ. ಒಂದು ಕಡೆ ಬೇಗಂ, ಇನ್ನೊಂದು ಕಡೆ ಬೀ ಅಂತ ಇದ್ದರೆ ಓಡಾಡಿಸುತ್ತಾರೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಕೊಡುತ್ತಾರೆ.

ಲಸಿಕೆ: ವರ್ಷ ತುಂಬಿದವರಿಗೆಲ್ಲ ಮೆನಿಂಜೈಟಿಸ್ ಲಸಿಕೆಯನ್ನು ಸೌದಿಯವರು ಕಡ್ಡಾಯ ಮಾಡಿದ್ದಾರೆ, ಅಲ್ಲಿಗೆ ಮುಟ್ಟುವ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಎಳೆಯ ಮಕ್ಕಳಿಗೆ ಕೆಲವು ಕಂಪನಿಯ ಲಸಿಕೆ ಮೂರು ತಿಂಗಳ ಅಂತರದಲ್ಲಿ ಎರಡು ಡೋಸ್ ಬೇಕಾಗುತ್ತೆ, ಅದಕ್ಕೇ ಟಿಕೆಟ್ ತೆಗೆಯುವ ಮುಂಚೆಯೇ ಮಕ್ಕಳ ಡಾಕ್ಟರ ಹತ್ತಿರ ತಾಯಿ ಕಾರ್ಡ್ ಹಿಡಿದು ಹೋಗಿ. 6 ತಿಂಗಳು ದಾಟಿದ್ದರೆ ಫ್ಲೂ ಲಸಿಕೆಯನ್ನೂ ಕೇಳಿ. ದಡಾರದ್ದು 9 ತಿಂಗಳಿಗೆ ಬರುವಂಥದ್ದು, ಅದು ಬಾಕಿ ಇದ್ದರೆ ಮುಗಿಸಿಯೇ ಹೊರಡಿ.

ವಿಮಾನದಲ್ಲಿ ತೊಟ್ಟಿಲು ಕೊಡ್ತಾರಂತೆ, ಹೌದಾ? ಊಟಕ್ಕೆ ಏನು ಒಯ್ಯಲಿ? (ಸಿರುಗುಪ್ಪ)

ಕೊಡ್ತಾರೆ, ಆದರೆ ಮುಂದೆ ಗೋಡೆ ಇರುವ ಸಾಲಿನವರಿಗೆ ಮಾತ್ರ. ಕೆಲವೇ ಇರುತ್ತವೆ, ತೂಕದ ಮಿತಿಯೂ ಇದೆ. ಗ್ರೂಪ್ ಟಿಕೆಟ್‌ನಲ್ಲಿ ಏಜೆಂಟ್ ಇದನ್ನು ಮರೆಯುತ್ತಾನೆ, ನೀವೇ ಬೆನ್ನು ಹತ್ತಿ ಕೇಳಿ. 2 ವರ್ಷದ ಒಳಗಿನವರಿಗೆ ಮಡಿಲಲ್ಲಿ ಕೂರಿಸುವ ಕಡಿಮೆ ದರದ ಟಿಕೆಟ್. ಯಾತ್ರೆಯ ನಡುವೆ 2 ತುಂಬಿದರೆ ವಾಪಸ್ ಬರುವಾಗ ಸೀಟು ತಗೋಬೇಕು. ಏರುವಾಗ ಇಳಿಯುವಾಗ ಹಾಲು ಕುಡಿಸಿ, ಕಿವಿ ನೋವು ಕಡಿಮೆ.

ಊಟಕ್ಕೆ ರಾಗಿ ಸರಿ ಪುಡಿ, ಹುರಿದ ಅಕ್ಕಿ-ಹೆಸರುಬೇಳೆ ಪುಡಿ ಒಯ್ಯಿರಿ, ಬಿಸಿನೀರಿಗೆ ಒಂದು ಕೆಟಲ್ ಇದ್ದರೆ ರೂಮಲ್ಲೇ ಆಗುತ್ತೆ. ಡೈಪರ್, ಬಾಳೆಹಣ್ಣು, ಮೊಸರು ಅಲ್ಲಿ ಸಿಗುತ್ತೆ. ಹಾಲಿನ ಪುಡಿ ಮಾತ್ರ ಕೂಸಿಗೆ ರೂಢಿ ಇರುವ ಕಂಪನಿಯದ್ದೇ ಇಲ್ಲಿಂದ ಒಯ್ಯಿರಿ. ದುಡ್ಡು ಉಳಿಸೋಕೆ ದೂರದ ಹೋಟೆಲ್ ಒಪ್ಪಬೇಡಿ. ಬೇಕಾದರೆ ದಿನ ಕಡಿಮೆ ಮಾಡಿ, ಹರಮ್‌ಗೆ ಹತ್ತಿರ ಇರಿ. "ಹತ್ತೇ ನಿಮಿಷ" ಅಂದರೆ ಏರು ಎಷ್ಟಿದೆ ಅಂತ ಕೇಳಿ, ಮಕ್ಕಾ ಗುಡ್ಡದ ಊರು.

ಟಿಕೆಟ್ ಆಗಿಬಿಟ್ಟಿದೆ. ಲೆಕ್ಕ ಹಾಕಿದರೆ ಹೆರಿಗೆ ಆಗಿ 30 ದಿನಕ್ಕೆ ಹೊರಡಬೇಕು. ನಡೆಯುತ್ತಾ? (ಲಿಂಗಸುಗೂರು)

ಎಹ್ರಾಮ್ ಕಟ್ಟಬಹುದು. ಅಬೂಬಕರ್ ಸಾಹೇಬರ ಪತ್ನಿ ಅಸ್ಮಾ ಬೀಬಿಗೆ ಜುಲ್ ಹುಲೈಫಾದಲ್ಲೇ ಹೆರಿಗೆ ಆದಾಗ, ಸ್ನಾನ ಮಾಡಿ ಎಹ್ರಾಮ್ ಕಟ್ಟು ಅಂತ ಪ್ರವಾದಿಯವರು ಹೇಳಿಕಳಿಸಿದ್ದರು. ಆದರೆ ರಕ್ತ ನಿಲ್ಲುವವರೆಗೆ ತವಾಫ್ ಇಲ್ಲ. ಹನಫಿಗಳಲ್ಲಿ ನಿಫಾಸ್‌ಗೆ (ಹೆರಿಗೆ ನಂತರದ ರಕ್ತಸ್ರಾವ) ಹೆಚ್ಚೆಂದರೆ 40 ದಿನ. ಅಂದರೆ 30ನೇ ದಿನ ಹೋದವರು ಎಹ್ರಾಮ್‌ನಲ್ಲೇ ಹೋಟೆಲ್ ರೂಮಲ್ಲಿ ಹತ್ತು ದಿನ ಕಾಯಬೇಕಾಗಬಹುದು, ಅಷ್ಟರಲ್ಲಿ ಗ್ರೂಪ್ ವಾಪಸ್ ಹೊರಟಿರುತ್ತೆ. ಒಂದು ತಿಂಗಳಲ್ಲಿ ಕೂಸಿನ ಜನನ ಪತ್ರ, ಪಾಸ್‌ಪೋರ್ಟ್, ವೀಸಾ ಮೂರೂ ಆಗೋದು ಅನುಮಾನ. ಆ ವಯಸ್ಸಿನ ಕೂಸಿಗೆ 100.4 ಡಿಗ್ರಿ (ಫ್ಯಾರನ್‌ಹೀಟ್) ಜ್ವರ ಬಂದರೂ ಆಸ್ಪತ್ರೆಗೇ ಸೇರಿಸಬೇಕಾಗುತ್ತೆ. ತಾರೀಖು ಮುಂದಕ್ಕೆ ಹಾಕಿಸಿ, ಬದಲಾವಣೆಗೆ ಎಷ್ಟು ಕಡಿತ ಅಂತ ಏಜೆಂಟ್‌ಗೆ ಇವತ್ತೇ ಫೋನ್ ಮಾಡಿ ಕೇಳಿ.