ಅಗ್ಗದ ಕ್ರೋಮ್‌ಬುಕ್: ಯಾರಿಗೆ ಸಾಕು, ಯಾರಿಗೆ ಸಾಲದು

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 10. ವಿಂಡೋಸ್ 11 ಹಾಕಲು ಹೋದರೆ ಯಂತ್ರ ಒಪ್ಪುವುದಿಲ್ಲ. ಇಪ್ಪತ್ತು ಸಾವಿರ ರೂಪಾಯಿಯೊಳಗೆ ಒಂದು ಕ್ರೋಮ್‌ಬುಕ್ ತೆಗೆದುಕೊಳ್ಳಿ ಎಂದು ಅಳಿಯ ಹೇಳುತ್ತಾರೆ. ನೆಟ್ ಹೋದರೆ ಅದು ಬರೀ ಡಬ್ಬ ಎಂದು ಪಕ್ಕದ ಮನೆಯ ಹುಡುಗ ಹೆದರಿಸುತ್ತಾನೆ. ನನ್ನ ಕೆಲಸ ಇಷ್ಟೇ: ಇಮೇಲ್, ಪತ್ರಿಕೆ ಓದುವುದು, ವಿದ್ಯುತ್ ಬಿಲ್ ಕಟ್ಟುವುದು, ಪಹಣಿ ನೋಡುವುದು, ವಿದೇಶದಲ್ಲಿರುವ ಮಗಳೊಂದಿಗೆ ವಿಡಿಯೊ ಕರೆ. ಆಗೀಗ ಪತ್ರಿಕೆಗಳಿಗೆ ಲೇಖನ ಬರೆಯುತ್ತೇನೆ, ನುಡಿ ತಂತ್ರಾಂಶದಲ್ಲಿ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಕೊಳ್ಳಬಹುದು. ಕ್ರೋಮ್‌ಬುಕ್ ಎಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್. ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಹಗುರವಾಗಿ ಬಂದು ಹೋಗಿರುವ 'ನುಡಿ' ಇದೆಯಲ್ಲ, ತೂಕವೆಲ್ಲ ಅದರಲ್ಲೇ ಇದೆ. ಅಲ್ಲಿಗೆ ಬರುತ್ತೇನೆ.

ಮೊದಲು ಪಕ್ಕದ ಮನೆಯ ಹುಡುಗನ ಮಾತು. 2011ರಲ್ಲಿ ಸ್ಯಾಮ್‌ಸಂಗ್ ಮತ್ತು ಏಸರ್ ಕಂಪನಿಗಳ ಮೊದಲ ಕ್ರೋಮ್‌ಬುಕ್‌ಗಳು ಮಾರಾಟಕ್ಕೆ ಬಂದಾಗ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಒಳಗಿದ್ದದ್ದು ಒಂದು ಬ್ರೌಸರ್, ಉಳಿದದ್ದೆಲ್ಲ ಗೂಗಲ್‌ನ ಸರ್ವರ್‌ಗಳಲ್ಲಿ. 2016ರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು, 2018ರಲ್ಲಿ ಲಿನಕ್ಸ್ ತಂತ್ರಾಂಶಗಳು ಅದರೊಳಕ್ಕೆ ಬಂದ ಮೇಲೆ ಆ ಮಾತು ಹಳತಾಯಿತು. ನೆಟ್ ಇಲ್ಲದಿದ್ದರೂ ಇಳಿಸಿಟ್ಟ ಪಿಡಿಎಫ್ ಓದಬಹುದು, ವಿಡಿಯೊ ನೋಡಬಹುದು, ಲೇಖನ ಬರೆಯಬಹುದು. ಗೂಗಲ್ ಡಾಕ್ಸ್‌ನಲ್ಲಿ ಬರೆಯುವುದಾದರೆ ಮಾತ್ರ ಆಫ್‌ಲೈನ್ ಸೌಲಭ್ಯವನ್ನು ನೆಟ್ ಇರುವಾಗಲೇ ಚಾಲೂ ಮಾಡಿಟ್ಟಿರಬೇಕು. ನಿಮ್ಮ ಕಡೆಯ ಆಷಾಢದ ಮಳೆಗೆ ಟವರ್ ಕೈಕೊಟ್ಟ ಮೇಲೆ ಆ ಆಯ್ಕೆಯನ್ನು ಹುಡುಕಿ ಫಲವಿಲ್ಲ.

ಅಗ್ಗವಾಗಲು ಕಾರಣ ಗುಟ್ಟಿನದೇನಲ್ಲ. ಈ ಬೆಲೆಯಲ್ಲಿ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಸಾಧಾರಣ ಪ್ರೊಸೆಸರ್, ಪಕ್ಕದಿಂದ ನೋಡಿದರೆ ಬಣ್ಣಗೆಡುವ ಪರದೆ. ಇದೇ ಯಂತ್ರಾಂಶದ ಮೇಲೆ ವಿಂಡೋಸ್ ಕೂರಿಸಿದರೆ ಅದು ಏದುಸಿರು ಬಿಡುತ್ತದೆ. ಕ್ರೋಮ್ ಓಎಸ್ ಹಗುರವಾದ್ದರಿಂದ ಇಷ್ಟರಲ್ಲೇ ಸಲೀಸಾಗಿ ನಡೆಯುತ್ತದೆ. ಇಪ್ಪತ್ತು ಸಾವಿರಕ್ಕೆ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಂಡು ಗೊಣಗುವುದಕ್ಕಿಂತ ಕ್ರೋಮ್‌ಬುಕ್ ಕೊಂಡು ನೆಮ್ಮದಿಯಾಗಿರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೆಸ್ಕಾಂ ಬಿಲ್, ಪಹಣಿ, ಸೇವಾ ಸಿಂಧು ಅರ್ಜಿ, ಆದಾಯ ತೆರಿಗೆ ರಿಟರ್ನ್ಸ್ ಎಲ್ಲವೂ ಬ್ರೌಸರ್‌ನಲ್ಲೇ ಆಗುವ ಕೆಲಸಗಳು. ವೈರಸ್‌ನ ಗೋಳು ಬಹಳ ಕಡಿಮೆ. ಅಪ್‌ಡೇಟ್ ತಾನಾಗಿ ಬರುತ್ತದೆ.

ಈಗ ನುಡಿಯ ವಿಚಾರ. ಅದು ಕನ್ನಡ ಟೈಪ್ ಮಾಡಲು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ, ಕ್ರೋಮ್‌ಬುಕ್‌ಗೆ ಹಾಕಲು ಬರುವುದಿಲ್ಲ. ಹೊಸದಾಗಿ ಬರೆಯಲು ದಾರಿಯಿದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡರೆ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಬಹುದು. ನುಡಿಗೆ ಪಳಗಿದ ಬೆರಳುಗಳು ಮೊದಮೊದಲು ಎಡವಬಹುದು, ಅಷ್ಟೇ. ನೆಟ್ ಇದ್ದರೆ ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೂ ಬರೆಸಬಹುದು. ಪಾಠ ಹೇಳಿ ಪಳಗಿದ ದನಿ ನಿಮ್ಮದು, ಅದಕ್ಕೆ ಚೆನ್ನಾಗಿ ಒಗ್ಗೀತು.

ತೊಡಕಿರುವುದು ಹಳೆಯ ಲೇಖನಗಳಲ್ಲಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಕಂಪ್ಯೂಟರ್‌ನ ಪಾಲಿಗೆ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದದ್ದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ, 'ಕನ್ನಡ' ಎಂದು ಬರೆದಿದ್ದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಒಂದು ಕ್ಯೂ ಸಾಲಾಗಿ ನಿಂತಿರುತ್ತವೆ. ಕಡತ ಹಾಳಾಯಿತೆಂದು ಅಳಿಸಿಬಿಟ್ಟವರನ್ನು ಬಲ್ಲೆ. ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಇನ್ನೂ ಉಸಿರಾಡುತ್ತಿರುವಾಗಲೇ, ನುಡಿಯ ಪರಿವರ್ತಕ ಬಳಸಿ ಎಲ್ಲವನ್ನೂ ಯುನಿಕೋಡ್‌ಗೆ ಬದಲಿಸಿ, ನೆಟ್ ಮೂಲಕ ಕಡತ ಕೂಡಿಡುವ ಗೂಗಲ್ ಡ್ರೈವ್‌ನಲ್ಲಿ ಇಡಿ. ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡಿ. ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನ ಪಲ್ಲಟವಾಗುವುದುಂಟು. ನೀವು ಬರೆಯುವ ಪತ್ರಿಕೆ ಯುನಿಕೋಡ್ ಒಪ್ಪುತ್ತದೆಯೇ ಎಂದೂ ಮೊದಲೇ ವಿಚಾರಿಸಿಕೊಳ್ಳಿ. ನುಡಿ ಕಡತವನ್ನೇ ಕಳುಹಿಸಿ ಎಂದು ಅವರು ಪಟ್ಟು ಹಿಡಿದರೆ ಈ ಖರೀದಿ ಬೇಡ.

ಪ್ರಿಂಟರ್ ಇದೆಯೇ ಎಂದು ನೀವು ಬರೆದಿಲ್ಲ. ವೈಫೈ ಇರುವ ಈಚಿನ ಪ್ರಿಂಟರ್‌ಗಳು ಬಹುಪಾಲು ಹೊಂದಿಕೊಳ್ಳುತ್ತವೆ. ಊರೂರಿನ ಜೆರಾಕ್ಸ್ ಅಂಗಡಿಗಳಲ್ಲಿ, ಟ್ಯೂಷನ್ ಮೇಷ್ಟ್ರ ಮನೆಗಳಲ್ಲಿ ವರ್ಷಗಟ್ಟಲೆ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಮಾದರಿಯ ಲೇಸರ್ ಪ್ರಿಂಟರ್ ನಿಮ್ಮಲ್ಲಿದ್ದರೆ, ಅದು ಕ್ರೋಮ್‌ಬುಕ್‌ನ ಮಾತು ಕೇಳುವುದಿಲ್ಲ. ಅದಕ್ಕೆ ಅದರದೇ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ, ಬೇಕು.

ಇನ್ನೊಂದು ಎಚ್ಚರಿಕೆ. 'ಎಲ್ಲವೂ ಕ್ಲೌಡ್‌ನಲ್ಲಿ ಭದ್ರ' ಎಂದು ಮಾರುವವರು ಹೇಳುತ್ತಾರೆ. ಎಲ್ಲವೂ ಅಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುವುದು ಯಂತ್ರದಲ್ಲೇ ಇರುತ್ತದೆ. ಯಂತ್ರ ಕೆಟ್ಟರೆ ಅಥವಾ ರೀಸೆಟ್ ಮಾಡಿದರೆ ಅದೂ ಹೋಯಿತು. ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಪಿಂಚಣಿ ಆದೇಶ ಇಂಥವನ್ನು ಇಳಿಸಿಕೊಂಡ ಕೂಡಲೇ ಡ್ರೈವ್‌ಗೆ ಸಾಗಿಸಿ. ಅಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್ ಮತ್ತು ಫೋಟೊಗಳಿಗೂ ಸೇರಿಸಿ ಅಷ್ಟೇ. ಮೊಮ್ಮಕ್ಕಳ ವಿಡಿಯೊಗಳು ಬರತೊಡಗಿದರೆ ಅದು ಬೇಗ ತುಂಬುತ್ತದೆ, ಆಮೇಲೆ ಹಣ ಕೊಟ್ಟು ಜಾಗ ಪಡೆಯಬೇಕು. ಗೂಗಲ್ ಖಾತೆಯ ಪಾಸ್‌ವರ್ಡನ್ನು ಅಳಿಯನ ನೆನಪಿಗೆ ಬಿಡದೆ ನೀವೇ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ತೆರೆಯುವ ಬೀಗದ ಕೈ ಅದೇ.

ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ, ಇದಕ್ಕೆ ಬೇಕಿರುವುದು ಒಂದು ಪೆನ್‌ಡ್ರೈವ್ ಮಾತ್ರ. ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಉಚಿತ ಆವೃತ್ತಿಯನ್ನು ಗೂಗಲ್ 2022ರಿಂದ ಕೊಡುತ್ತಿದೆ. ಅದನ್ನು 8 ಜಿಬಿಯ ಪೆನ್‌ಡ್ರೈವ್‌ಗೆ ಹಾಕಿ, ನಿಮ್ಮ ವಿಂಡೋಸ್ ಮುಟ್ಟದೆಯೇ ಅದೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಡೆಸಿ ನೋಡಬಹುದು. ಪ್ಲೇ ಸ್ಟೋರ್ ಇರುವುದಿಲ್ಲ ಎಂಬುದೊಂದೇ ದೊಡ್ಡ ಕೊರತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಂದು ಯಂತ್ರವೂ ಮುಗಿದಂತಲ್ಲ. ಒಂದು ವಾರ ಫ್ಲೆಕ್ಸ್‌ನಲ್ಲಿ ಕೆಲಸ ಮಾಡಿ. ಹಿಡಿಸಿದರೆ ಹಳೆಯದರಲ್ಲೇ ಅದನ್ನು ಖಾಯಂ ಮಾಡಿಕೊಂಡು ಇಪ್ಪತ್ತು ಸಾವಿರ ಉಳಿಸಲೂಬಹುದು. ಖಾಯಂ ಮಾಡುವಾಗ ವಿಂಡೋಸ್ ಮತ್ತು ಕಡತಗಳು ಅಳಿಸಿಹೋಗುತ್ತವೆ, ಆದ್ದರಿಂದ ನುಡಿ ಕಡತಗಳ ಕೆಲಸ ಮುಗಿದ ಮೇಲೆಯೇ.

ಪ್ರಶ್ನೆ: ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಟ್ಯಾಲಿ ಮತ್ತು ಜಿಎಸ್‌ಟಿಗೆ ಕ್ರೋಮ್‌ಬುಕ್ ಆದೀತೇ?

ಉತ್ತರ: ಬೇಡ. ಟ್ಯಾಲಿ ವಿಂಡೋಸ್‌ನಲ್ಲಿ ನಡೆಯುವ ಲೆಕ್ಕಪತ್ರದ ತಂತ್ರಾಂಶ. ಅದನ್ನು ಬಾಡಿಗೆ ಸರ್ವರ್‌ನಲ್ಲಿಟ್ಟು ಬ್ರೌಸರ್ ಮೂಲಕ ನಡೆಸುವ ಏರ್ಪಾಡುಗಳಿವೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಉಳಿಸಿದ ಹಣ ತಿಂಗಳ ಬಾಡಿಗೆಗೆ ಹೋಗುತ್ತದೆ. ಜಿಎಸ್‌ಟಿ ಪೋರ್ಟಲ್ ತೆರೆಯಲು ಅಡ್ಡಿಯಿಲ್ಲ. ಅಂಗಡಿ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಮೊಬೈಲ್‌ಗೆ ಬರುವ ಒಟಿಪಿಯಿಂದಲೇ ರಿಟರ್ನ್ಸ್ ಸಲ್ಲಿಸಬಹುದು. ಪ್ರೈವೇಟ್ ಲಿಮಿಟೆಡ್ ಆಗಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಾದರೆ ಅದೂ ಆಗದು.

ಪ್ರಶ್ನೆ: ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರುತ್ತಿದ್ದಾಳೆ. ಅಗ್ಗದ ಕ್ರೋಮ್‌ಬುಕ್ ಕೊಡಿಸಿದರೆ ನಾಲ್ಕು ವರ್ಷ ನಡೆದೀತೇ?

ಉತ್ತರ: ಯಾವ ವಿಭಾಗ ಎಂದು ಬರೆದಿದ್ದರೆ ಒಂದೇ ಸಾಲಿನಲ್ಲಿ ಹೇಳುತ್ತಿದ್ದೆ. ಸಿವಿಲ್ ಅಥವಾ ಮೆಕ್ಯಾನಿಕಲ್ ಆದರೆ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಎಂಬ ವಿನ್ಯಾಸ ತಂತ್ರಾಂಶಗಳು ಬೇಕೇಬೇಕು, ಅವಕ್ಕೆ ವಿಂಡೋಸ್ ಬೇಕು. ಕಂಪ್ಯೂಟರ್ ಸೈನ್ಸ್ ಆದರೆ ಲಿನಕ್ಸ್ ಭಾಗದಲ್ಲಿ ಸಿ, ಪೈಥಾನ್ ಎಲ್ಲ ಕಲಿಯಬಹುದು, ಆದರೆ 4 ಜಿಬಿ ರ‍್ಯಾಮ್‌ನಲ್ಲಿ ಅಲ್ಲ. 2023ರಲ್ಲಿ ಬಂದ ಕ್ರೋಮ್‌ಬುಕ್ ಪ್ಲಸ್ ವರ್ಗದಲ್ಲಿ ಕನಿಷ್ಠ 8 ಜಿಬಿ ರ‍್ಯಾಮ್, 128 ಜಿಬಿ ಸಂಗ್ರಹ ಇರುತ್ತದೆ. ಅದು ಸಾಕಾಗುತ್ತದೆ, ಆದರೆ ಆ ಬೆಲೆಗೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪೇ ಹತ್ತಿರದಲ್ಲಿರುತ್ತದೆ. ನನ್ನ ಮಗಳಾಗಿದ್ದರೆ ಅದನ್ನೇ ಕೊಡಿಸುತ್ತಿದ್ದೆ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಕ್ರೋಮ್‌ಬುಕ್ ನೋಡಿದೆ. ಮಕ್ಕಳ ಓದಿಗೆ ತರಬಹುದೇ?

ಉತ್ತರ: ಹೊರಗಿನ ಹೊಳಪು ನೋಡಿ ತರಬೇಡಿ. ಪ್ರತಿ ಕ್ರೋಮ್‌ಬುಕ್‌ಗೂ ಅಪ್‌ಡೇಟ್ ನಿಲ್ಲುವ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. 2021ರಿಂದ ಈಚಿನ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿತು. ಆ ಹತ್ತು ವರ್ಷ ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಯಂತ್ರದ ತಳಹದಿಯಾದ ಪ್ಲಾಟ್‌ಫಾರ್ಮ್ ಮಾರುಕಟ್ಟೆಗೆ ಬಂದ ದಿನದಿಂದ. ಅದಕ್ಕಿಂತ ಹಳೆಯವುಗಳಲ್ಲಿ ಎಷ್ಟೋ ಮಾದರಿಗಳ ಆಯುಸ್ಸು ಆಗಲೇ ಮುಗಿದಿದೆ. ಅವು ಚಾಲೂ ಆಗುತ್ತವೆ, ಯೂಟ್ಯೂಬ್ ತೋರಿಸುತ್ತವೆ, ಆದರೆ ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಜಾಣತನವಲ್ಲ. ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು 'ಅಬೌಟ್ ಕ್ರೋಮ್ ಓಎಸ್' ಎಂಬಲ್ಲಿ ಹೆಚ್ಚಿನ ವಿವರ ಒತ್ತಿ; ದಿನಾಂಕ ಅಲ್ಲೇ ಕಾಣುತ್ತದೆ. ಮೂರು ವರ್ಷವೂ ಉಳಿದಿಲ್ಲವಾದರೆ ಬಿಟ್ಟುಬಿಡಿ.

ಎರಡನೆಯ ಪರೀಕ್ಷೆಯನ್ನು ಮಾರುವವರು ತಾವಾಗಿ ಮಾಡಿ ತೋರಿಸುವುದಿಲ್ಲ. ಇಂಥ ಹಳೆಯ ಯಂತ್ರಗಳಲ್ಲಿ ಕೆಲವು ಶಾಲೆ, ಕಂಪನಿಗಳು ಬಳಸಿ ಬಿಟ್ಟವು. ಅವರು ತಮ್ಮ ನೋಂದಣಿ ರದ್ದು ಮಾಡದೆ ವಿಲೇವಾರಿ ಮಾಡಿದ್ದರೆ ಯಂತ್ರ ಇನ್ನೂ ಅವರ ಹಿಡಿತದಲ್ಲೇ ಇರುತ್ತದೆ. ಪೂರ್ತಿ ಅಳಿಸಿದರೂ ಆ ನೋಂದಣಿ ಹೋಗದು. ಆದ್ದರಿಂದ ನಿಮ್ಮೆದುರಿಗೇ ಪವರ್‌ವಾಶ್ (ಯಂತ್ರವನ್ನು ಪೂರ್ತಿ ಅಳಿಸುವುದು) ಮಾಡಿಸಿ, ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಜೋಡಿಸಿ, ನಿಮ್ಮದೇ ಗೂಗಲ್ ಖಾತೆಯಿಂದ ಲಾಗಿನ್ ಆಗಿ ನೋಡಿ. ಮತ್ತೆ ನೋಂದಾಯಿಸಿ ಎಂದು ಕೇಳುತ್ತಾ ಪರದೆಯ ಮೇಲೆ ಯಾವುದೋ ಸಂಸ್ಥೆಯ ಹೆಸರು ಬಂದರೆ, ಅಂಗಡಿಯವರು ಮೂರು ಸಾವಿರಕ್ಕೆ ಇಳಿದರೂ ತರಬೇಡಿ.